ಬಣ್ಣದ ಕೆಳಗಿನ ಲೆಕ್ಕ

ಅಳಿಯಂದ್ರೇ,

ನೀನು ಕಳಿಸಿದ ಎರಡೂ ಎಸ್ಟಿಮೇಟನ್ನು ಕನ್ನಡಕ ಹಾಕಿಕೊಂಡು ಓದಿದೆ. ಹಾಸನದ ಪೇಂಟರ್ 6,500 ರೂಪಾಯಿಗೆ ಫುಲ್ ಗಾಡಿ ಫಳಫಳ ಅನ್ನಿಸಿ ಕೊಡ್ತೀನಿ ಅಂದಿದ್ದಾನೆ. ಬೆಂಗಳೂರಿನವರು 42,000 ಅಂತ ಅಚ್ಚುಕಟ್ಟಾಗಿ ಟೈಪ್ ಮಾಡಿ ಕಳಿಸಿದ್ದಾರೆ. ಅದೇ ಯೆಜ್ಡಿ ರೋಡ್‌ಕಿಂಗ್, ಅದೇ ಟ್ಯಾಂಕು, ಅದೇ ಎರಡು ಮಡ್‌ಗಾರ್ಡು. ಇಬ್ಬರಲ್ಲಿ ಸುಲಿಗೆ ಮಾಡ್ತಿರೋದು ಯಾರು ಅಂತ ಕೇಳಿದ್ದೀಯ. ಯಾರೂ ಇಲ್ಲ ಕಣೋ. ತಮ್ಮ ತಮ್ಮ ಕೆಲಸಕ್ಕೆ ಇಬ್ಬರೂ ನ್ಯಾಯವಾದ ದರವನ್ನೇ ಹೇಳಿದ್ದಾರೆ, ಕೆಲಸ ಮಾತ್ರ ಬೇರೆ ಬೇರೆ. ಗನ್ ಹಿಡಿದು ಬಣ್ಣ ಹೊಡೆಯೋದು ಇಬ್ಬರಿಗೂ ಒಂದು ಮಧ್ಯಾಹ್ನದ ಮಾತು. ಆ ಮಧ್ಯಾಹ್ನಕ್ಕೆ ಮುಂಚೆ ಎಷ್ಟು ದಿನ ಉಜ್ಜುತ್ತಾರೆ, ಏನೇನು ಕಳಚುತ್ತಾರೆ, ಬರಿಗಬ್ಬಿಣದ ಮೇಲೆ ಮೊದಲು ಏನು ಬಳಿಯುತ್ತಾರೆ, ದುಡ್ಡಿನ ವ್ಯತ್ಯಾಸವೆಲ್ಲ ಅಲ್ಲಿದೆ. ಬಣ್ಣದ ಡಬ್ಬಿ ಈ ಲೆಕ್ಕದಲ್ಲಿ ಚಿಕ್ಕ ಬಾಬತ್ತು.

ಆದರೆ ಅದಕ್ಕೂ ಮೊದಲಿನ ಪ್ರಶ್ನೆಯನ್ನು ನೀನು ಕೇಳಿಯೇ ಇಲ್ಲ. ಈ ಗಾಡಿಗೆ ಹೊಸ ಬಣ್ಣ ಬೇಕೇ ಬೇಕಾ?

ನಿಮ್ಮಪ್ಪ, ಅಂದರೆ ನಮ್ಮ ಭಾವ, ಅದನ್ನು ಕೊಂಡದ್ದು 1986ರಲ್ಲಿ. ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬಿದ್ದ ಮೆರೂನ್ ಬಣ್ಣ ಅದು. 1961ರಲ್ಲಿ ಗಾಡಿ ಹೊರಬಿಡಲು ಶುರು ಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 2022ರಿಂದ ಯೆಜ್ಡಿ ಹೆಸರಲ್ಲಿ ಬರುತ್ತಿರುವುದು ಬೇರೆ ಕಂಪನಿ ಮಾಡುವ ಬೇರೆಯದೇ ಗಾಡಿ. ಒಮ್ಮೆ ಕೆರೆದು ಹಾಕಿದರೆ ಕಾರ್ಖಾನೆಯ ಆ ಬಣ್ಣ ಎಷ್ಟು ದುಡ್ಡು ಸುರಿದರೂ ವಾಪಸು ಬರೋದಿಲ್ಲ. ಹಳೇ ಗಾಡಿಗಳನ್ನು ಪ್ರೀತಿಯಿಂದ ಸಾಕುವವರು ಹೊಳೆಯುವ ಹೊಸ ಬಣ್ಣಕ್ಕಿಂತ ಸ್ವಲ್ಪ ಮಾಸಿದ ಮೂಲ ಬಣ್ಣಕ್ಕೇ ಹೆಚ್ಚು ಬೆಲೆ ಕಟ್ಟುತ್ತಾರೆ. ನೀನು ಮಾರೋದಿಲ್ಲ ಅನ್ನೋದು ಗೊತ್ತು. ಆದರೂ ತಿಳಿದಿರಲಿ.

ಅದಕ್ಕೇ, ಪೇಂಟರ್ ಹತ್ತಿರ ಹೋಗುವ ಮೊದಲು ಒಂದು ಭಾನುವಾರ ಇದನ್ನು ಮಾಡು. ಟ್ಯಾಂಕನ್ನು ಶಾಂಪೂ ನೀರಲ್ಲಿ ತೊಳೆದು ಒರೆಸು. ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್ ತಂದು, ಹಳೇ ಬನಿಯನ್ ಬಟ್ಟೆಗೆ ಬೇಳೆಕಾಳಿನಷ್ಟು ಹಚ್ಚಿ, ಅಂಗೈ ಅಗಲದ ಜಾಗದಲ್ಲಿ ಐದು ನಿಮಿಷ ಉಜ್ಜು. ಬಟ್ಟೆಗೆ ಮೆರೂನ್ ಬಣ್ಣ ಹತ್ತಿಕೊಂಡರೆ ಗಾಬರಿ ಬೀಳಬೇಡ. ಮೇಲೆ ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಬಣ್ಣ ಅಂತ ಅದರರ್ಥ. ಬಿಸಿಲಿಗೆ ಸತ್ತು ಸುಣ್ಣದಂತಾದ ಮೇಲ್ಪೊರೆ ಹೋಗಿ ಕೆಳಗಿನ ಜೀವಂತ ಬಣ್ಣ ಮೇಲೆ ಬರುತ್ತದೆ. ಕೆಂಪು ಜಾತಿಯ ಬಣ್ಣಗಳು ಬಿಸಿಲಿಗೆ ಬೇಗ ಮಂಕಾಗುತ್ತವೆ, ಹೀಗೆ ಉಜ್ಜಿದರೆ ಚೇತರಿಸಿಕೊಳ್ಳುವುದೂ ಉಂಟು. ಅಂಚು, ಏಣುಗಳ ಮೇಲೆ ಮಾತ್ರ ಜೋರಾಗಿ ಉಜ್ಜಬೇಡ, ಅಲ್ಲಿ ಬಣ್ಣದ ಪದರ ತೆಳು. ಆ ಅಂಗೈ ಅಗಲದ ಜಾಗ ಹೊಳೆದರೆ ನಿನ್ನ ಒಟ್ಟು ಖರ್ಚು ಕಾಂಪೌಂಡು, ಪಾಲಿಶು ಸೇರಿ 500–800 ರೂಪಾಯಿಯಲ್ಲಿ ಮುಗಿಯಿತು. ಈಗಿನ ಬೈಕುಗಳಲ್ಲಿ ಕ್ಲಿಯರ್ ಕೋಟ್ ಸಿಪ್ಪೆಯಂತೆ ಎದ್ದು ಬಿಳಿ ತೇಪೆ ಕಾಣುತ್ತಲ್ಲ, ಅದಕ್ಕೆ ಈ ಉಪಾಯ ನಡೆಯೋದಿಲ್ಲ.

ಎರಡನೇ ಪರೀಕ್ಷೆಗೆ ಫ್ರಿಜ್ ಬಾಗಿಲಿನ ಅಯಸ್ಕಾಂತ ಸಾಕು. ತೆಳು ಬಟ್ಟೆ ಸುತ್ತಿ ಟ್ಯಾಂಕಿನ ಮೇಲೆಲ್ಲ ಜಾರಿಸು. ಎಲ್ಲಿ ಹಿಡಿತ ಸಡಿಲವಾಗುತ್ತೋ ಅಲ್ಲಿ ಯಾರೋ ಹಿಂದೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಅಂತ ಲೆಕ್ಕ. ಭಾವ ಒಮ್ಮೆ ಶಿರಾಡಿ ಘಾಟಿಯಲ್ಲಿ ಬಿದ್ದದ್ದು ನೆನಪಿದೆ, ಟ್ಯಾಂಕಿನ ಬಲಗೆನ್ನೆಯಲ್ಲಿ ಏನಾದರೂ ಸಿಕ್ಕೀತು. ಮಡ್‌ಗಾರ್ಡನ್ನು ಒಳಬದಿಯಿಂದ ನೋಡು, ಮೇಲಿನಿಂದ ನೋಡಿ ಏನೂ ತಿಳಿಯೋದಿಲ್ಲ. ಚಕ್ರ ಎರಚಿದ ಕೆಸರು ಕೂತು ತುಕ್ಕು ಹಿಡಿಯೋದು ಒಳಗಿನಿಂದ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗಡು ಒಳಗೆ ಹೋದರೆ ಅದು ಪೇಂಟರ್ ಕೆಲಸ ಅಲ್ಲ, ವೆಲ್ಡಿಂಗಿನವನ ಕೆಲಸ, ಇಲ್ಲವೇ ಬೇರೆ ಮಡ್‌ಗಾರ್ಡೇ ಹುಡುಕಬೇಕು.

ಇಷ್ಟೆಲ್ಲ ನೋಡಿದ ಮೇಲೂ ಬಣ್ಣ ಬೇಕೇ ಬೇಕು ಅನ್ನಿಸಿದರೆ ಮುಂದೆ ಓದು.

ಮೊದಲ ಖರ್ಚು ಟ್ಯಾಂಕಿನ ಹೊರಗಲ್ಲ, ಒಳಗೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿ, ಒಳಗೆ ತುಕ್ಕು ಇದ್ದೇ ಇರುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೇರೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ತುಕ್ಕು ಬಿಡಿಸಲು ಆಸಿಡ್ ಹಾಕಿ, ನಟ್ಟು ಬೋಲ್ಟುಗಳನ್ನು ಒಳಗೆ ಬಿಟ್ಟು ಕುಲುಕುತ್ತಾರೆ. ಆ ಆಸಿಡ್ ಹೊಸ ಬಣ್ಣದ ಮೇಲೆ ಚೆಲ್ಲಿದರೆ ಕಥೆ ಮುಗೀತು. ಹಾಗಾಗಿ ಒಳಗಿನ ಶುದ್ಧಿ, ಸೋರಿಕೆಯ ಪರೀಕ್ಷೆ, ಸೂಜಿಮೊನೆಯ ತೂತುಗಳ ಬೆಸುಗೆ, ಇವೆಲ್ಲ ಬಣ್ಣಕ್ಕೆ ಮುಂಚೆ ಆಗಬೇಕು. ಹೊಳೆಯುವ ಟ್ಯಾಂಕು ತಂದು ಜೋಡಿಸಿ, ವಾರದಲ್ಲಿ ಅಡಿಯಿಂದ ಪೆಟ್ರೋಲ್ ಜಿನುಗಿ ಬಣ್ಣ ಗುಳ್ಳೆ ಎದ್ದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆಸುಗೆಗೆ ಕೊಡುವಾಗ ಪೆಟ್ರೋಲ್ ಖಾಲಿ ಮಾಡಿದ್ದೀನಿ ಅಂತ ಧೈರ್ಯ ಮಾಡಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯೋದು. ಚೆನ್ನಾಗಿ ತೊಳೆದು, ಬೆಸುಗೆಯ ಜಾಗ ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿಕೊಂಡು ಬೆಂಕಿ ತೋರಿಸುವ ಅನುಭವಸ್ಥನಿಗೇ ಕೊಡು.

ಆಮೇಲೆ ಹಳೇ ಬಣ್ಣ ತೆಗೆಯೋದು. ಇಲ್ಲಿಂದಲೇ 6,500ರ ದಾರಿ, 42,000ದ ದಾರಿ ಬೇರೆಯಾಗೋದು. ಮೊದಲನೆಯವನು ಹಳೇ ಬಣ್ಣ ತೆಗೆಯೋದೇ ಇಲ್ಲ. ಮೇಲೆ ವಾಟರ್ ಪೇಪರ್ ಆಡಿಸಿ, ಗುಂಡಿಗೆ ಪುಟ್ಟಿ ತುಂಬಿ, ಸೀಟು ಹ್ಯಾಂಡಲ್ಲಿಗೆ ಹಳೇ ಪೇಪರ್ ಸುತ್ತಿ, ನಿಂತ ಗಾಡಿಗೇ ಹೊಡೆಯುತ್ತಾನೆ. ಸುಣ್ಣ ಉದುರುತ್ತಿರುವ ಗೋಡೆಗೆ ಹಬ್ಬದ ಹಿಂದಿನ ದಿನ ಡಿಸ್ಟೆಂಪರ್ ಹೊಡೆದ ಹಾಗೆ. ಮೊದಲ ಮಳೆಗಾಲ ಚೆನ್ನಾಗಿರುತ್ತೆ. ಹಳೇ ಬಣ್ಣ ಯಾವ ಜಾತಿಯದು ಅಂತ ನೋಡದೆ ಮೇಲೆ ಹೊಸದು ಹೊಡೆದರೆ, ಹೊಸದರ ಥಿನ್ನರ್ ಹಳೆಯದನ್ನು ಎಬ್ಬಿಸಿ ಸುಕ್ಕು ಸುಕ್ಕಾಗುವುದೂ ಉಂಟು. ಟೂಲ್ ಬಾಕ್ಸಿನ ಒಳಮೈಗೆ ಥಿನ್ನರ್ ಬಟ್ಟೆ ಉಜ್ಜಿ ನೋಡು. ಬಣ್ಣ ಕರಗಿ ಬಟ್ಟೆಗೆ ಬಂದರೆ ಪೂರ್ತಿ ತೆಗೆಸೋದೇ ವಾಸಿ.

ತೆಗೆಯೋದಕ್ಕೆ ದಾರಿ ಎರಡು. ಪೇಂಟ್ ರಿಮೂವರ್ ಬಳಿದು ಕೆರೆಯೋದು ಒಂದು, ಮರಳು ಚಿಮ್ಮಿಸುವ ಬ್ಲಾಸ್ಟಿಂಗ್ ಇನ್ನೊಂದು. ಚಾಸಿ, ಸ್ವಿಂಗ್ ಆರ್ಮ್, ಸ್ಟ್ಯಾಂಡಿನಂಥ ದಪ್ಪ ಕಬ್ಬಿಣಕ್ಕೆ ಬ್ಲಾಸ್ಟಿಂಗ್ ಅದ್ಭುತ. ಟ್ಯಾಂಕು, ಮಡ್‌ಗಾರ್ಡಿನ ತಗಡಿಗೆ ಒರಟು ಮರಳು ಬೇಡ, ತಗಡು ಅಲೆ ಅಲೆಯಾಗುತ್ತೆ, ಆಮೇಲೆ ಅದನ್ನು ಮುಚ್ಚಲು ಪುಟ್ಟಿಯೇ ಗತಿ. ಅಲ್ಲದೆ ಟ್ಯಾಂಕಿನ ಬಾಯಿ ಬಿಗಿಯಾಗಿ ಮುಚ್ಚದಿದ್ದರೆ ಒಳಹೊಕ್ಕ ಮರಳು ಕಾರ್ಬ್ಯುರೇಟರಿಗೆ ಇಳಿದು ವರ್ಷವಿಡೀ ಕಾಡುತ್ತೆ.

ಬರಿಗಬ್ಬಿಣ ಕಂಡ ದಿನವೇ ಅದಕ್ಕೆ ಎಪಾಕ್ಸಿ ಪ್ರೈಮರ್ ಬೀಳಬೇಕು. ನಾಳೆ ನೋಡೋಣ ಅಂದರೆ ಹಾಸನದ ತೇವಕ್ಕೆ ರಾತ್ರಿಯೇ ಕೆಂಪಗಾಗಿರುತ್ತೆ. ನಂತರ ಗುಂಡಿ. ಒಳ್ಳೆ ಟಿಂಕರ್ ಆದರೆ ತಗಡನ್ನು ಎಳೆದೋ ತಟ್ಟಿಯೋ ಮುಕ್ಕಾಲು ಪಾಲು ಸರಿ ಮಾಡುತ್ತಾನೆ, ಉಳಿದದ್ದಕ್ಕೆ ಮಾತ್ರ ಪುಟ್ಟಿ. ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಮೆತ್ತಿದರೆ, ನಿನ್ನ ರೋಡ್‌ಕಿಂಗಿನ ಟೂ ಸ್ಟ್ರೋಕ್ ನಡುಕಕ್ಕೆ ಎಂದಾದರೂ ಬಿರುಕು ಬಿಡುತ್ತೆ. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವ ಚಾಳಿ ಕೆಲವರಿಗಿದೆ. 100 ಗ್ರಾಂ ಪುಟ್ಟಿಗೆ ಎರಡು ಗ್ರಾಂ ಆಸುಪಾಸು ಸಾಕು. ಹೆಚ್ಚಾದ ಹಾರ್ಡನರ್ ತಿಂಗಳುಗಳ ಮೇಲೆ ಬಣ್ಣದ ಮೂಲಕ ಕಲೆಯಾಗಿ ಮೇಲೆದ್ದು ಬರುತ್ತೆ. ಇನ್ನೊಂದು ಮಾತು, ಇದನ್ನು ನಮ್ಮ ಊರುಗಳಲ್ಲಿ ಹತ್ತರಲ್ಲಿ ಎಂಟು ಜನ ತಪ್ಪಾಗಿ ಮಾಡ್ತಾರೆ ಅಂತ ನನ್ನ ಅನಿಸಿಕೆ. ಪುಟ್ಟಿಯನ್ನು ನೀರು ಹಾಕಿ ಉಜ್ಜಬಾರದು. ಅದು ನೀರು ಕುಡಿಯುತ್ತೆ. ಕುಡಿದ ನೀರು ಬಣ್ಣದ ಕೆಳಗೆ ಕೂತು ಗುಳ್ಳೆಯಾಗುತ್ತೆ. ಪುಟ್ಟಿಯನ್ನು ಒಣದಾಗಿ ಉಜ್ಜಿ, ಅದರ ಮೇಲೆ ಸರ್ಫೇಸರ್ ಹೊಡೆದು, ಆ ಸರ್ಫೇಸರನ್ನು 600, 800ರ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಬೇಕು. ಬಲ್ಲವನಾದರೆ ಸರ್ಫೇಸರ್ ಮೇಲೆ ತೆಳ್ಳಗೆ ಕಪ್ಪು ಧೂಳು ಹೊಡೆದುಕೊಂಡು ಉಜ್ಜುತ್ತಾನೆ. ತಗ್ಗಿದ ಜಾಗದಲ್ಲಿ ಕಪ್ಪು ಉಳಿಯುತ್ತೆ, ಎಲ್ಲಿ ಇನ್ನೂ ಕೆಲಸ ಇದೆ ಅಂತ ಕಣ್ಣಿಗೇ ಕಾಣುತ್ತೆ. ನಿನ್ನ ಪೇಂಟರ್ ಹೀಗೆ ಮಾಡುವವನಾದರೆ ದರದಲ್ಲಿ ಚೌಕಾಸಿ ಮಾಡಬೇಡ.

ಈಗ ಬಣ್ಣ. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಅನ್ನೋದು ಒಂದು, ಪಿಯು, ಅಂದರೆ ಪಾಲಿಯುರೆಥೇನ್ ಅನ್ನೋದು ಇನ್ನೊಂದು. ಎನ್‌ಸಿ ನಿಮಿಷಗಳಲ್ಲಿ ಒಣಗುತ್ತೆ, ಸಸ್ತಾ, ಕೈಗೆ ಸುಲಭ. 1920ರ ದಶಕದಲ್ಲಿ ಕಾರಿಗೆ ಬಣ್ಣ ಹೊಡೆಯುವ ವಾರಗಟ್ಟಲೆ ಕೆಲಸವನ್ನು ಗಂಟೆಗಳಿಗೆ ಇಳಿಸಿದ್ದು ಇದೇ ಜಾತಿಯ ಡ್ಯೂಕೋ. ನಮ್ಮ ಗ್ಯಾರೇಜುಗಳಲ್ಲಿ ಆ ಹೆಸರು ಇನ್ನೂ ಸತ್ತಿಲ್ಲ. ಆದರೆ ಬೈಕಿನ ಟ್ಯಾಂಕಿಗೆ ಅದು ತಕ್ಕದ್ದಲ್ಲ, ಪೆಟ್ರೋಲ್ ಚೆಲ್ಲಿದ ಕಡೆ ಕಲೆ ಹಿಡಿದು ಮೆತ್ತಗಾಗುತ್ತೆ. ಹಾರ್ಡನರ್ ಬೆರೆಸುವ ಪಿಯು, ಅಂದರೆ ಅಂಗಡಿಯವರು 2ಕೆ ಅನ್ನೋದು, ಗಟ್ಟಿಯಾದ ಮೇಲೆ ಪೆಟ್ರೋಲಿಗೂ ಜಗ್ಗೋದಿಲ್ಲ. ಕೆಳಗೆ ಬೇಸ್ ಕೋಟ್, ಮೇಲೆ ಕ್ಲಿಯರ್ ಎರಡು ಮೂರು ಕೈ. 'ಡ್ಯೂಪಾಂಟ್ ಹಾಕ್ತೀನಿ ಸಾರ್' ಅಂತ ಈಗಲೂ ಹೇಳುವವರಿದ್ದಾರೆ. ಆ ಕಂಪನಿ ತನ್ನ ಗಾಡಿ ಬಣ್ಣದ ವ್ಯಾಪಾರವನ್ನು 2013ರಲ್ಲೇ ಮಾರಿತು, ಈಗ ಅದು ಆಕ್ಸಾಲ್ಟಾ. ಯಾವ ಕಂಪನಿ ಅನ್ನೋದಕ್ಕಿಂತ ಬೇಸು, ಕ್ಲಿಯರ್, ಹಾರ್ಡನರ್, ಥಿನ್ನರ್ ಒಂದೇ ಕಂಪನಿಯವಾ ಅನ್ನೋದನ್ನು ನೋಡು. ಕ್ಲಿಯರ್ ಒಂದರದು, ಕಮ್ಮಿಗೆ ಸಿಕ್ಕಿದ ಥಿನ್ನರ್ ಇನ್ನೊಂದರದು ಆದರೆ ಆರು ತಿಂಗಳಲ್ಲಿ ಹಳದಿ ತಿರುಗುತ್ತೆ, ಇಲ್ಲವೇ ಹೊಳಪು ಕುಂದುತ್ತೆ.

2ಕೆ ಹಾರ್ಡನರಿನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇದೆ. ಉಸಿರಲ್ಲಿ ಹೋದರೆ ಅಸ್ತಮಾ ತರಿಸುತ್ತೆ. ಮೂಗಿಗೆ ಟವಲ್ ಕಟ್ಟಿಕೊಂಡರೆ ಅದು ನಿಲ್ಲೋದಿಲ್ಲ. ವಿಡಿಯೋ ನೋಡಿ ಮನೆಯ ಕಾರ್ ಶೆಡ್ಡಿನಲ್ಲಿ ನಾನೇ ಹೊಡೀತೀನಿ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡು. ಅಕ್ಕ ಆ ಶೆಡ್ಡಿನ ಪಕ್ಕದಲ್ಲೇ ಬಟ್ಟೆ ಒಣಗಹಾಕೋದು. ಬಣ್ಣ ಹೊಡೆಯೋದನ್ನು ನೋಡಬೇಕು ಅನ್ನಿಸಿದರೂ ಹತ್ತಿರ ನಿಲ್ಲಬೇಡ.

ದರ ಬರೀತೀನಿ. ಊರಿಂದ ಊರಿಗೆ, ಕೈಯಿಂದ ಕೈಗೆ ಹೆಚ್ಚುಕಮ್ಮಿ ಇರುತ್ತೆ, ಅಂದಾಜಿಗೆ ಇಟ್ಟುಕೋ. ಟ್ಯಾಂಕ್ ಒಂದಕ್ಕೇ ಎನ್‌ಸಿಯಲ್ಲಿ 1,000–1,500, 2ಕೆಯಲ್ಲಿ 2,500ರಿಂದ 4,000. ಟ್ಯಾಂಕು, ಎರಡು ಮಡ್‌ಗಾರ್ಡು, ಎರಡು ಸೈಡ್ ಬಾಕ್ಸು, ಹೆಡ್‌ಲೈಟ್ ಡೂಮು, ಚೈನ್ ಕವರು ಇಷ್ಟನ್ನೂ ಬಿಚ್ಚಿಕೊಟ್ಟು, ಹಳೇ ಬಣ್ಣ ತೆಗೆಸಿ 2ಕೆ ಮಾಡಿಸಿದರೆ 10,000–12,000. ಬಿಚ್ಚಿ ಜೋಡಿಸಲು ಮೆಕ್ಯಾನಿಕ್ಕಿಗೆ 3,000 ಸುಮಾರು. ಎಲ್ಲರೂ ಮರೆಯುವ ಖರ್ಚು ಮುಂದಿನದು. ಬಿಚ್ಚಿದಾಗ ಮುರಿಯುವ ತುಕ್ಕು ಬೋಲ್ಟು, ಟ್ಯಾಂಕ್ ಕೂರುವ ರಬ್ಬರು, ಬೀಡಿಂಗು, ಕೇಬಲ್ಲು, ಎಲ್ಲಾ ಸೇರಿ 2,000–3,000. ಹೊಸ ಬಣ್ಣದ ಟ್ಯಾಂಕನ್ನು ಗಟ್ಟಿಯಾದ ಹಳೇ ರಬ್ಬರಿನ ಮೇಲೆ ಕೂರಿಸಿದರೆ ತಿಂಗಳಲ್ಲಿ ಉಜ್ಜಿ ತಗಡು ಕಾಣುತ್ತೆ, ಅಲ್ಲಿ ಜಿಪುಣತನ ಬೇಡ. ಅಲ್ಲಿಗೆ 15,000ದಿಂದ 18,000. ನಿನಗೆ ನಾನು ಹೇಳೋದು ಈ ಮಧ್ಯದ ದಾರಿ.

ಬೆಂಗಳೂರಿನವರ ಪಟ್ಟಿಯಲ್ಲಿ ಇದರ ಮೇಲೆ ಏನಿದೆ? ಎಂಜಿನ್ ಇಳಿಸಿ, ಚಾಸಿ ಬರಿದು ಮಾಡಿ, ಬ್ಲಾಸ್ಟಿಂಗ್ ಮತ್ತು ಪೌಡರ್ ಕೋಟಿಂಗ್. ಪೀಣ್ಯದ ಕಡೆ ಇಂಥ ಘಟಕಗಳು ಬೇಕಾದಷ್ಟಿವೆ, ಚಾಸಿ ಸಮೇತ ದಪ್ಪ ಕಬ್ಬಿಣಕ್ಕೆಲ್ಲ 4,000–6,000 ಆಗಬಹುದು. ಬಣ್ಣದ ಪುಡಿಯನ್ನು ವಿದ್ಯುತ್ತಿನಿಂದ ಅಂಟಿಸಿ 180–200 ಡಿಗ್ರಿ ಒಲೆಯಲ್ಲಿ ಬೇಯಿಸುತ್ತಾರೆ. ಕಲ್ಲು ಸಿಡಿದರೂ ಬೇಗ ಏಳದು. ಆದರೆ ಆ ಬಿಸಿಗೆ ಸಾಧಾರಣ ಪುಟ್ಟಿ ನಿಲ್ಲೋದಿಲ್ಲ, ಸೀಸದ ಬೆಸುಗೆ ಕರಗುತ್ತೆ. ಆದ್ದರಿಂದ ಬೆಸುಗೆ ಹಾಕಿದ ಟ್ಯಾಂಕನ್ನು ಅಪ್ಪಿತಪ್ಪಿ ಕೊಡಬೇಡ. ಎಂಜಿನ್ ಹೇಗೂ ಕೆಲಸಕ್ಕೆ ಇಳಿಸುವುದಿದ್ದರೆ ಚಾಸಿಗೆ ಪೌಡರ್ ಮಾಡಿಸು, ಬರೀ ಬಣ್ಣಕ್ಕೋಸ್ಕರ ಓಡುತ್ತಿರುವ ಎಂಜಿನ್ ಇಳಿಸಬೇಡ. ಪೌಡರ್ ಮೇಲೊಂದು ದೂರೂ ಇದೆ. ಎಲ್ಲಾದರೂ ಒಂದು ಕಡೆ ಒಡೆದು ನೀರು ಒಳಗೆ ನುಗ್ಗಿದರೆ ತುಕ್ಕು ಹೊರಗೆ ಕಾಣದ ಹಾಗೆ ಅಡಿಯಲ್ಲೇ ಹಬ್ಬುತ್ತೆ, ತೇಪೆ ಹಾಕುವುದೂ ಕಷ್ಟ.

ಚಾಸಿ ಕೊಡುವ ಮುಂಚೆ ಇದನ್ನು ಮರೆಯಲೇಬೇಡ. ಹ್ಯಾಂಡಲ್ ಕೂರುವ ಕೊಳವೆಯ ಹತ್ತಿರ ಕೊರೆದಿರುವ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೋ, ಫೋಟೋನೂ ಹೊಡಿ. ದಪ್ಪ ಪೌಡರಿನಲ್ಲಿ ನಂಬರ್ ಮುಚ್ಚಿಹೋದರೆ ಫಲಿತಾಂಶ ಆರ್‌ಟಿಓದಲ್ಲಿ ಗೊತ್ತಾಗುತ್ತೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ಆಗ ಇನ್‌ಸ್ಪೆಕ್ಟರ್ ಮೊದಲು ಹುಡುಕೋದೇ ಆ ನಂಬರನ್ನು. ಅಲ್ಲಿ ಟೇಪ್ ಅಂಟಿಸಿಯೇ ಕೋಟಿಂಗ್ ಮಾಡಬೇಕು ಅಂತ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಚಾಸಿಗೇ ಕಟ್ಟು.

ಇನ್ನು ಕ್ರೋಮ್. ಎರಡು ಸೈಲೆನ್ಸರ್, ಹ್ಯಾಂಡಲ್, ರಿಮ್ಮು ಅಂತ ಹೊರಟರೆ 8,000–12,000 ಸುಲಭವಾಗಿ ಹೋಗುತ್ತೆ. ಸರಿಯಾದ ಕೆಲಸದಲ್ಲಿ ಮೊದಲು ತಾಮ್ರ, ಮೇಲೆ ನಿಕ್ಕಲ್, ಕೊನೆಗೆ ಕೂದಲೆಳೆಗಿಂತ ತೆಳುವಾದ ಕ್ರೋಮ್. ಹೊಳಪು, ಬಾಳಿಕೆ ಎರಡೂ ಕೆಳಗಿನ ಪದರಗಳಿಂದಲೇ ಬರೋದು. ಅರ್ಧ ದರಕ್ಕೆ ಮಾಡಿಕೊಡುವವರು ಕಡಿತ ಮಾಡೋದೂ ಅಲ್ಲೇ. ಟೂ ಸ್ಟ್ರೋಕ್ ಸೈಲೆನ್ಸರಿನ ಒಳಗೆ ಕೂತ ಎಣ್ಣೆಮಸಿಯನ್ನು ಸುಟ್ಟು ತೆಗೆಯದೆ ಒಯ್ದರೆ ಪ್ಲೇಟಿಂಗಿನವರು ಮುಟ್ಟೋದಿಲ್ಲ. ಅವರ ತೊಟ್ಟಿಯ ದ್ರಾವಣ ಕೆಡುತ್ತೆ. ಕ್ರೋಮನ್ನು ಮುಂದಿನ ವರ್ಷಕ್ಕೆ ಇಟ್ಟುಕೋ. ಸೈಲೆನ್ಸರಿಗೆ ಈಗ ಪೊಟ್ಟಣದ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜು. ಮೇಲ್ಮೈ ತುಕ್ಕು ಎಷ್ಟು ಚೆನ್ನಾಗಿ ಹೋಗುತ್ತೆ ಅಂತ ನೀನೇ ನೋಡು.

ಸ್ಟಿಕ್ಕರ್ ಹಾಳೆ ಸುತ್ತಿಸುವ ವ್ರ್ಯಾಪಿಂಗ್ ಬಗ್ಗೆಯೂ ಕೇಳಿದ್ದೀಯ. 3,000ದಿಂದ 6,000ಕ್ಕೆ ಆಗುತ್ತೆ, ಬೇಡವಾದಾಗ ಕೀಳಬಹುದು, ಕೆಳಗಿನ ಒಳ್ಳೇ ಬಣ್ಣ ಉಳಿಯುತ್ತೆ. ಹೊಸ ಬೈಕಿಗೆ ಸರಿ. ತುಕ್ಕು, ಗುಂಡಿ ಇರುವ ಹಳೇ ತಗಡಿಗೆ ಅಲ್ಲ, ಎಲ್ಲಾ ಎದ್ದು ಕಾಣುತ್ತೆ. ಸ್ಪ್ರೇ ಡಬ್ಬಿಯನ್ನು ಸ್ಟ್ಯಾಂಡು, ಮಡ್‌ಗಾರ್ಡಿನ ಒಳಮೈ, ಕ್ಯಾರಿಯರ್ ಇಂಥವಕ್ಕೆ ಧಾರಾಳವಾಗಿ ಬಳಸು, ಡಬ್ಬಿಗೆ 250–400 ರೂಪಾಯಿ. ಟ್ಯಾಂಕಿಗೆ ಬೇಡ, ಅದರ ಬಣ್ಣ ಪೆಟ್ರೋಲಿಗೆ ನಿಲ್ಲದು. ಹಾಗೇ, ನಿನ್ನ ತಂಗಿಯ ಸ್ಕೂಟರಿನ ಒಡೆದ ಪ್ಲಾಸ್ಟಿಕ್ ಪ್ಯಾನೆಲ್ಲಿಗೆ ಬಣ್ಣ ಹೊಡೆಸುವ ಮೊದಲು ಕಂಪನಿಯ ಹೊಸ ಪ್ಯಾನೆಲ್ಲಿನ ಬೆಲೆ ಕೇಳು. ಬಣ್ಣ ಬಂದೇ ಇರುವ ಹೊಸದು ಎಷ್ಟೋ ಸಲ ಸಸ್ತಾ ಬೀಳುತ್ತೆ. ಹೊಡೆಸಲೇಬೇಕಾದರೆ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಹೊಡೆಸಬೇಡ, ಸಿಪ್ಪೆ ಏಳುತ್ತೆ. ಅದಕ್ಕೆ ಇನ್ಶೂರೆನ್ಸ್ ಕ್ಲೇಮ್ ಮಾಡುವ ಮುಂಚೆ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿಕೊಳ್ಳಲಿ. ಮೊದಲ ವರ್ಷಕ್ಕೆ ಶೇಕಡಾ 20, ಬೆಳೆಯುತ್ತಾ 50ರವರೆಗೆ ಹೋಗುತ್ತೆ. ಸಣ್ಣ ಗೀರಿಗೆ ಅದನ್ನು ಕಳೆದುಕೊಳ್ಳೋದು ಲುಕ್ಸಾನು.

ಮ್ಯಾಟ್ ಕಪ್ಪು ಮಾಡಿಸ್ತೀನಿ ಅಂತ ಬರೆದಿದ್ದೀಯಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಭಾವನ ಗಾಡಿ ಅನ್ನೋ ಕಾರಣ ಪಕ್ಕಕ್ಕಿಡು. ಮ್ಯಾಟ್ ಮೇಲೆ ಗೀರು ಬಿದ್ದರೆ ಪಾಲಿಶ್ ಮಾಡುವ ಹಾಗಿಲ್ಲ, ಉಜ್ಜಿದ ಜಾಗ ಹೊಳೆದು ಇನ್ನೂ ಅಸಹ್ಯ. ಆ ಭಾಗವನ್ನು ಪೂರ್ತಿ ಮತ್ತೆ ಹೊಡೆಸಬೇಕು. ಮೆಟಾಲಿಕ್ ಆದರೂ ಸರಿ ಅನ್ನಬೇಡ, ನಾಳೆ ಒಂದು ಸೈಡ್ ಬಾಕ್ಸ್ ಮಾತ್ರ ಹೊಡೆಸಿದರೆ ಟ್ಯಾಂಕಿಗೆ ಹೊಂದೋದೇ ಇಲ್ಲ. ಸಾದಾ ಮೆರೂನ್ ಎಲ್ಲಕ್ಕಿಂತ ಅಗ್ಗ, ರಿಪೇರಿಗೆ ಸುಲಭ.

ಅಲ್ಲದೆ ಬಣ್ಣ ಬದಲಿಸೋದು ಬರೀ ಪೇಂಟರಿನ ಮಾತಲ್ಲ. ಆರ್‌ಸಿಯಲ್ಲಿ ಮೆರೂನ್ ಅಂತಿದ್ದು ಗಾಡಿ ಕಪ್ಪಗಿದ್ದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಕರಾರು ಬರುತ್ತೆ. ಮುಂಚೆಯೇ ಆರ್‌ಟಿಓಗೆ ಅರ್ಜಿ ಕೊಟ್ಟು, ಆಮೇಲೆ ಗಾಡಿ ತೋರಿಸಿ, ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಹಾಳೆ ಸುತ್ತಿಸಿ ಬಣ್ಣ ಬದಲಾದರೂ ಅಷ್ಟೇ. ನಿನ್ನ ಗೆಳೆಯ ತನ್ನ ಬುಲೆಟ್ಟಿಗೆ ಮಿಲಿಟರಿ ಹಸಿರು ಹೊಡೆಸ್ತೀನಿ ಅಂತಿದ್ದನಲ್ಲ, ಅವನಿಗೂ ಹೇಳು. ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು, 1989ರ ನಿಯಮಗಳಲ್ಲೇ ಹಾಗೆ ಬರೆದಿದೆ.

ಪೇಂಟರ್ ಜೊತೆ ವ್ಯವಹಾರ ಹೇಗೆ ಅಂತ ಎರಡು ಮಾತು. ಸಾಮಾನಿಗೆ ಅಡ್ವಾನ್ಸ್ ಕೊಡು, ಸಾಧ್ಯವಾದರೆ ಬಣ್ಣದ ಅಂಗಡಿಗೆ ಜೊತೆಯಲ್ಲೇ ಹೋಗು. ಸೀಲ್ ಒಡೆಯದ ಡಬ್ಬಿ ಕಣ್ಣಿಗೆ ಬಿದ್ದರೆ ಅರ್ಧ ಅನುಮಾನ ಹೋಗುತ್ತೆ. ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುಂಚೆ ಒಂದು ಸಲ ಬಂದು ನೋಡ್ತೀನಿ ಅಂತ ಮೊದಲೇ ಹೇಳಿಡು. ಆಗ ಕಾಣುವ ತಪ್ಪು ಪುಕ್ಕಟೆ ಸರಿಯಾಗುತ್ತೆ, ಕ್ಲಿಯರ್ ಆದ ಮೇಲೆ ಕಂಡದ್ದಕ್ಕೆ ಜಗಳವೇ ಗತಿ. ಉಳಿದ ಬೇಸ್ ಕೋಟನ್ನು ಚಿಕ್ಕ ಗಾಜಿನ ಬಾಟಲಿಯಲ್ಲಿ ಇಸಿದುಕೊಂಡು ಶೇಡ್ ಕೋಡ್ ಬರೆದಿಡು. ಟ್ಯಾಂಕಿನ ಗೆರೆಗಳನ್ನು ಸ್ಟಿಕ್ಕರಿನಲ್ಲಿ ಮುಗಿಸಬೇಡ. ಚೆನ್ನೈನ ಬುಲೆಟ್ ಕಾರ್ಖಾನೆಯಲ್ಲಿ ಇವತ್ತಿಗೂ ಟ್ಯಾಂಕಿನ ಚಿನ್ನದ ಗೆರೆಯನ್ನು ಕುಂಚ ಹಿಡಿದು ಕೈಯಲ್ಲೇ ಎಳೆಯುತ್ತಾರೆ. ನಮ್ಮ ಕಡೆ ಬೋರ್ಡ್ ಬರೆಯುತ್ತಿದ್ದವರಿಗೆ ಆ ಕೈ ಇದೆ. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತು, ಹುಡುಕಿದರೆ ಊರಿಗೊಬ್ಬರು ಸಿಗ್ತಾರೆ. ಕ್ಲಿಯರ್ ಹೊಡೆಯುವ ಮುಂಚೆ ಅವರ ಕೈಲಿ ಗೆರೆ ಎಳೆಸು, ಕೇಳಿದ್ದು ಕೊಡು.

ಗಾಡಿ ಬಂದ ಮೇಲೆ ಒಂದು ತಿಂಗಳು ವ್ಯಾಕ್ಸ್ ಪಾಲಿಶ್ ಮುಟ್ಟಿಸಬೇಡ, ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡ, ಬಣ್ಣ ಒಳಗಿನಿಂದ ಇನ್ನೂ ಉಸಿರಾಡುತ್ತಿರುತ್ತೆ. ರೆಕ್ಸಿನ್ ಟ್ಯಾಂಕ್ ಕವರ್ ಅಂತೂ ಎಂದಿಗೂ ಬೇಡ, ಅದರಡಿ ನೀರು ನಿಂತೇ ಹಳೇ ಟ್ಯಾಂಕುಗಳೆಲ್ಲ ಕೆಟ್ಟದ್ದು. ಪೂಜೆ ಮಾಡುವಾಗ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಟ್ಯಾಂಕಿಗೆ ಹಚ್ಚಬೇಡಿ ಅಂತ ಅಕ್ಕನಿಗೆ ನಾನೇ ಹೇಳ್ತೀನಿ, ನೀನು ಹೇಳಿದರೆ ಕೇಳಲ್ಲ.

ಪೂಜೆ ಅಂದಾಗ ನೆನಪಾಯಿತು. ಆಯುಧಪೂಜೆಗೆ ಗಾಡಿ ರೆಡಿ ಆಗಬೇಕು ಅಂತ ಬರೆದಿದ್ದೀಯ. ಊರಿನವರೆಲ್ಲರ ಆಸೆಯೂ ಅದೇ. ಮಹಾಲಯ ಅಮಾವಾಸ್ಯೆಯಿಂದ ಆಚೆಗೆ ಪೇಂಟರಿನ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಎರಡು ದಿನ ಒಣಗಬೇಕಾದ ಸರ್ಫೇಸರ್ ಎರಡು ಗಂಟೆ ಒಣಗುತ್ತೆ. ಮೇಲಾಗಿ ಹವೆಯಲ್ಲಿ ತೇವ. ಮಳೆ ಹಿಡಿದ ದಿನ ಎನ್‌ಸಿ ಹೊಡೆದರೆ ಒಣಗುವಾಗ ಗಾಳಿಯ ನೀರು ಬಣ್ಣದ ಮೇಲೆ ಕೂತು ಬೂದಿ ಬಳಿದಂತೆ ಬೆಳ್ಳಗಾಗುತ್ತೆ. ಪಿಯು ಹಾರ್ಡನರಿಗೂ ನೀರು ಆಗದು. ಈ ಸಲದ ಹಬ್ಬಕ್ಕೆ ಗಾಡಿಯನ್ನು ಕಾಂಪೌಂಡ್ ಉಜ್ಜಿ ನಿಲ್ಲಿಸು. ದೀಪಾವಳಿ ಕಳೆದು ಮೋಡ ಹರಿದ ಮೇಲೆ ಟ್ಯಾಂಕ್ ಬಿಚ್ಚಿ ಪೇಂಟರಿಗೆ ಕೊಡು. ಅಷ್ಟರಲ್ಲಿ ಟ್ಯಾಂಕಿನ ಒಳಗನ್ನು ತೊಳೆಸಿ, ನೀರು ತುಂಬಿಸಿ ರಾತ್ರಿಯಿಡೀ ನೆಲದ ಮೇಲಿಟ್ಟು, ಬೆಳಿಗ್ಗೆ ಅಡಿಯಲ್ಲಿ ಒದ್ದೆ ಆಗಿದೆಯಾ ಅಂತ ನೋಡಿ ಫೋನ್ ಮಾಡು. ಸೋರುತ್ತಿದ್ದರೆ ಬೆಸುಗೆಗೆ ಮೈಸೂರಿಗೇ ತಾ, ಜಾವಾ ಟ್ಯಾಂಕುಗಳ ಮೇಲೆ ಕೈ ಪಳಗಿದವರು ಇಲ್ಲಿದ್ದಾರೆ.